ಎಣಿಕೆ ಸರಿಯಿತ್ತು

ಕಂಡಕ್ಟರು ನಿವೃತ್ತರಾಗಿ ವರ್ಷಗಳೇ ಆಗಿದ್ದರೂ ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಅವರನ್ನು ಯಾರೂ ಬೇರೆ ಹೆಸರಿನಿಂದ ಕರೆಯುತ್ತಿರಲಿಲ್ಲ. ಕರೆಯುವುದಕ್ಕೆ ಅವರು ಬಿಡಬೇಕಲ್ಲ. ಮೊಮ್ಮಗಳು ಶಾಲೆಗೆ ಹೊರಟರೆ ಬಾಗಿಲಲ್ಲಿ ನಿಂತು “ರೈಟ್, ರೈಟ್” ಅನ್ನಬೇಕು. ಊಟಕ್ಕೆ ಕೂತರೆ “ಸ್ವಲ್ಪ ಮುಂದೆ ಹೋಗಿ, ಮುಂದೆ ಜಾಗ ಇದೆ” ಎಂದು ಎಲ್ಲರನ್ನೂ ಸರಿಸಬೇಕು. ಸೊಸೆ ಶಾಲೆಯಲ್ಲಿ ಚರಿತ್ರೆ ಹೇಳಿಕೊಡುವ ಟೀಚರು. ಒಂದೊಂದು ಸಲ ಹಲ್ಲು ಕಚ್ಚಿಕೊಂಡು ಸುಮ್ಮನಾಗುತ್ತಿದ್ದಳು. ಮಗ ಲಿಫ್ಟ್ ರಿಪೇರಿಯವನು, ದಿನವಿಡೀ ಹತ್ತಿ ಇಳಿದು ಸುಸ್ತಾಗಿ ಬಂದವನಿಗೆ ಅಪ್ಪನ ಮಾತು ಕಿವಿಗೇ ಬೀಳುತ್ತಿರಲಿಲ್ಲ. ಮದುವೆಯಾಗದ ಮಗಳು ನರ್ಸು, ಅವಳ ಪಾಳಿ ಯಾವಾಗ ಮುಗಿಯುತ್ತದೆಂದು ಅವಳಿಗೇ ತಿಳಿಯುತ್ತಿರಲಿಲ್ಲ. ಕಂಡಕ್ಟರ ಹೆಂಡತಿ ಏನೂ ಅನ್ನದೆ ಎಲ್ಲರ ತಟ್ಟೆಗೂ ಬಡಿಸುತ್ತಿದ್ದರು.

ಪ್ರವಾಸದ ಹುಚ್ಚು ಹತ್ತಿದ್ದು ಕಂಡಕ್ಟರಿಗೇ. ಒಂದು ದಿನ ಊಟದ ನಡುವೆ ಶುರು ಮಾಡಿದರು.

“ಜೀವಮಾನವೆಲ್ಲಾ ಊರೂರು ಸುತ್ತಿದೆ. ಏನು ನೋಡ್ದೆ? ಬಸ್ ಸ್ಟ್ಯಾಂಡು. ಕೋಟೆ ಇರೋ ಊರು ಅಂತಾರೆ, ನಾನು ನೋಡಿದ್ದು ಬಸ್ ಸ್ಟ್ಯಾಂಡು. ಅರಮನೆ ಇರೋ ಊರು ಅಂತಾರೆ, ಅಲ್ಲೂ ಬಸ್ ಸ್ಟ್ಯಾಂಡು, ಅದರ ಪಕ್ಕ ಒಂದು ಮೂತ್ರಖಾನೆ.”

“ಊಟ ಮಾಡ್ತಿದೀವಿ ಅಪ್ಪ,” ಎಂದಳು ಮಗಳು.

“ನಾನು ಆ ಬಸ್ ಸ್ಟ್ಯಾಂಡೂ ನೋಡಿಲ್ಲ,” ಎಂದರು ಹೆಂಡತಿ.

ಎಲ್ಲರೂ ನಕ್ಕರು. ಹೆಂಡತಿಯೂ ನಗುತ್ತಲೇ ಒಳಗೆ ಹೋಗಿ ನೀರು ತಂದಿಟ್ಟರು.

ಮಗನ ಗೆಳೆಯನೊಬ್ಬನ ಹತ್ತಿರ ಮನೆಗಾಡಿ ಇತ್ತು. ದೊಡ್ಡ ವ್ಯಾನಿನೊಳಗೆ ಒಲೆ, ಸಿಂಕು, ನೀರಿನ ಟ್ಯಾಂಕು, ಮಡಚಿಡುವ ಹಾಸಿಗೆಗಳು, ತೀರಾ ಹಿಂದೆ ಒಂದು ಮಂಚ, ಮಂಚಕ್ಕೊಂದು ದಪ್ಪ ಪರದೆ. ಶಾಲೆಗೆ ರಜೆ ಬಂತು, ಮಗನೂ ಮಗಳೂ ರಜೆ ಹಾಕಿದರು, ಗಾಡಿ ಮನೆ ಮುಂದೆ ಬಂದು ನಿಂತಿತು. ಕಂಡಕ್ಟರು ಪೆಟ್ಟಿಗೆಯ ತಳದಿಂದ ಹಳೇ ಸೀಟಿ ಹುಡುಕಿ ಕೊರಳಿಗೆ ಹಾಕಿಕೊಂಡಾಗ ಟೀಚರ ಮುಖ ಸಣ್ಣಗಾಯಿತು.

ಮಗ ಸ್ಟಿಯರಿಂಗ್ ಹಿಡಿದ. ಟೀಚರು, ನರ್ಸು, ಕಡ್ಡಿಯ ಹಾಗಿದ್ದುದರಿಂದ ಕಡ್ಡಿ ಅಂತಲೇ ಕರೆಸಿಕೊಳ್ಳುವ ಮೊಮ್ಮಗಳು, ಮೂವರೂ ಕಿಟಕಿ ಪಕ್ಕದ ಸೀಟು ಹಿಡಿದರು. ಬಾಗಿಲ ಪಕ್ಕದ ಸೀಟು ಕಂಡಕ್ಟರದು, ಅದಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ಒಲೆಯ ಹತ್ತಿರ ಒಂದು ಸ್ಟೂಲಿತ್ತು. ಗಾಡಿ ಕುಲುಕಿದರೆ ಡಬ್ಬಗಳು ಉರುಳುತ್ತವೆ, ಹಿಡಿದುಕೊಳ್ಳಬಹುದು ಅಂತ ಹೆಂಡತಿ ತಾವಾಗಿಯೇ ಅದರ ಮೇಲೆ ಕೂತರು. ಕಂಡಕ್ಟರು ಸೀಟುಗಳ ನಡುವೆ ನಡೆದು, ಒಂದೊಂದು ಸೀಟಿನ ಬೆನ್ನು ತಟ್ಟಿ, “ಒಂದು, ಎರಡು, ಮೂರು” ಎಂದು ಎಣಿಸಿ, ಬಾಗಿಲು ಎಳೆದುಕೊಂಡು “ರೈಟ್” ಎಂದರು. ತಮ್ಮ ಸರ್ವೀಸಿನಲ್ಲಿ ಒಬ್ಬನೇ ಒಬ್ಬ ಪ್ಯಾಸೆಂಜರನ್ನೂ ಹೋಟೆಲಿನ ಮುಂದೆ ಬಿಟ್ಟು ಬಂದವರಲ್ಲ ಅವರು. ಆ ಜಂಬ ಇದ್ದೇ ಇತ್ತು.

ಮೊದಲ ವಾರ ಚೆನ್ನಾಗಿಯೇ ಹೋಯಿತು. ಒಂದು ಊರಲ್ಲಿ ಮೆಟ್ಟಿಲಿನ ಬಾವಿ, ಇನ್ನೊಂದರಲ್ಲಿ ಹಳೇ ಜೈಲು, ಮತ್ತೊಂದರಲ್ಲಿ ಗೋಡೆ ಬಿಟ್ಟರೆ ಏನೂ ಉಳಿಯದ ಅರಮನೆ. ಟೀಚರು ಬೋರ್ಡು ಓದಿ ವಿವರಿಸುವುದು, ಕಂಡಕ್ಟರು ನಡುವೆ ಬಾಯಿ ಹಾಕುವುದು.

“ಇಷ್ಟು ದೊಡ್ಡ ಬಾಗಿಲು ಇಟ್ಟು ಒಬ್ಬನ್ನೇ ಕಾವಲು ನಿಲ್ಸಿದ್ರೆ ಶತ್ರು ನುಗ್ಗದೇ ಇರ್ತಾನಾ? ಹಿಂದಿನ ಬಾಗಿಲು ಮುಚ್ಚಿ, ಮುಂದಿನ ಬಾಗಿಲಲ್ಲೇ ಹತ್ತಿಸ್ಬೇಕಿತ್ತು.”

“ಮಾವ, ಅದು ಕೋಟೆ. ಬಸ್ಸಲ್ಲ.”

ಹೆಂಡತಿ ಎಲ್ಲ ಊರಲ್ಲೂ ಒಂದೇ ಮಾತು ಹೇಳುತ್ತಿದ್ದರು: “ನೀವು ನೋಡ್ಕೊಂಡು ಬನ್ನಿ, ಅಷ್ಟರಲ್ಲಿ ಅಡುಗೆ ಆಗಿರತ್ತೆ.” ಇವರು ಬಿಸಿಲಲ್ಲಿ ಬೆವತು ಬರುವಷ್ಟರಲ್ಲಿ ಅಡುಗೆ ಆಗಿಯೇ ಇರುತ್ತಿತ್ತು. ಉಂಡು, ಕಾಲು ಚಾಚಿ, ಆ ಕಂಬ ಹಾಗಿತ್ತು, ಈ ಕಂಬ ಹೀಗಿತ್ತು ಎಂದು ಮಾತಾಡುತ್ತಿದ್ದರು. ಹೆಂಡತಿ ತಲೆಯಾಡಿಸುತ್ತಾ ತಟ್ಟೆ ಎತ್ತುತ್ತಿದ್ದರು. ಬಿಸಿಲಿಗೆ ಅವರಿಗೆ ತಲೆನೋವು ಬರುವುದುಂಟು. ಆಗ ಹಿಂದಿನ ಮಂಚದ ಮೇಲೆ ಮಲಗಿ ಪರದೆ ಎಳೆದುಕೊಳ್ಳುತ್ತಿದ್ದರು. ಪರದೆ ಎಳೆದಿದ್ದರೆ ಯಾರೂ ಮಾತಾಡಿಸಬಾರದು, ಅದು ಮನೆಯಲ್ಲೂ ಇದ್ದ ಕಟ್ಟಳೆ.

ಎರಡನೇ ವಾರಕ್ಕೆ ಜಗಳ ಶುರುವಾಯಿತು. ನೀರಿನದು.

“ಟ್ಯಾಂಕು ತುಂಬಾ ನೀರಿತ್ತು. ಯಾರು ಖಾಲಿ ಮಾಡಿದ್ದು?” ಎಂದ ಮಗ.

“ನಾನು ತಲೆಗೆ ಸ್ನಾನ ಮಾಡ್ದೆ. ತಪ್ಪಾ?” ಎಂದಳು ನರ್ಸು.

“ತಪ್ಪಲ್ಲಮ್ಮ. ನಾವು ನಾಲ್ಕು ದಿನದಿಂದ ಮುಖ ತೊಳ್ಕೊಂಡು ಓಡಾಡ್ತಿದೀವಿ, ಅಷ್ಟೇ,” ಎಂದಳು ಟೀಚರು.

“ಹೋಗ್ಲಿ ಬಿಡ್ರೇ,” ಎಂದರು ಹೆಂಡತಿ. “ಪಾತ್ರೆ ನಾನು ಹೊರಗೆ ಎಲ್ಲಾದರೂ ತೊಳ್ಕೋತೀನಿ.”

ಅವತ್ತು ಗಾಡಿ ನಿಂತಿದ್ದು ಒಂದು ಸಣ್ಣ ಊರಿನ ಕೋಟೆಯ ಮುಂದೆ. ಮುಂದಿನ ಊರಲ್ಲಿ ಒಂದು ವಸ್ತು ಸಂಗ್ರಹಾಲಯ, ಸಂಜೆಯಾದರೆ ಬಾಗಿಲು ಹಾಕುತ್ತಾರೆಂದು ಕಂಡಕ್ಟರಿಗೆ ಯಾರೋ ಹೇಳಿದ್ದರು. ಊಟ ಮುಗಿದದ್ದೇ ತಡ, ಸೀಟಿ ಊದಿ ಎಲ್ಲರನ್ನೂ ಒಟ್ಟುಗೂಡಿಸಿದರು. ಮಗಳು ಗೊಣಗುತ್ತಾ ಬಂದಳು, ಸೊಸೆ ಅರ್ಧ ಓದಿದ ಬೋರ್ಡು ಬಿಟ್ಟು ಬಂದಳು. ಹಿಂದಿನ ಪರದೆ ಎಳೆದಿತ್ತು. ಕಂಡಕ್ಟರು ದನಿ ತಗ್ಗಿಸಿ, ಸೀಟಿನ ಬೆನ್ನು ಮೆಲ್ಲಗೆ ತಟ್ಟಿ ಎಣಿಸಿದರು. ಒಂದು, ಎರಡು, ಮೂರು. ರೈಟ್. ಗಾಡಿ ಹೊರಟಿತು.

ಒಳ್ಳೇ ದಾರಿ. ಕಡ್ಡಿ ಹಾಡು ಹೇಳಿಕೊಂಡಳು, ನರ್ಸು ನಿದ್ದೆ ಹೋದಳು. ಸುಮಾರು ದೂರ ಬಂದ ಮೇಲೆ ಮಗನಿಗೆ ಕಣ್ಣು ಎಳೆಯತೊಡಗಿ ಒಂದು ಮರದ ನೆರಳಲ್ಲಿ ಗಾಡಿ ನಿಲ್ಲಿಸಿದ.

“ಒಂಚೂರು ಚಹಾ ಸಿಕ್ಕಿದ್ರೆ...”

ಅತ್ತೆಯನ್ನು ಎಬ್ಬಿಸುವುದು ಬೇಡವೆಂದು ಟೀಚರೇ ಎದ್ದಳು. ಒಲೆ ಹಚ್ಚಿ ಕೆಳಗೆ ಬಗ್ಗಿ ಹುಡುಕಿದಳು. “ಚಹಾ ಪಾತ್ರೆ ಇಲ್ಲ.”

“ಸರಿಯಾಗಿ ನೋಡು,” ಎಂದ ಮಗ.

“ಯಾವ ಪಾತ್ರೇನೂ ಇಲ್ಲ. ತಟ್ಟೆ ಇಲ್ಲ, ಲೋಟ ಇಲ್ಲ. ಪಾತ್ರೆ ತೊಳೆಯೋ ಟಬ್ಬೇ ಇಲ್ಲ.”

ಕಂಡಕ್ಟರಿಗೆ ಪಿತ್ತ ನೆತ್ತಿಗೇರಿತು. “ಪಾತ್ರೆ ಟಬ್ಬು ಅಲ್ಲೇ ಬಿಟ್ಟು ಬಂದ್ರಾ? ಮೂರು ಜನ ಹೆಂಗಸರು ಇದೀರಿ, ಒಂದು ಟಬ್ಬು ನೋಡ್ಕೊಳೋಕೆ ಆಗಲ್ವಾ?”

“ನೀವು ಸೀಟಿ ಊದಿ ಊದಿ ಎಬ್ಬಿಸಿದ್ರೆ ಟಬ್ಬು ನೋಡೋರು ಯಾರು ಅಪ್ಪ?” ಎಂದು ನರ್ಸು ಎದ್ದು ಕೂತಳು. “ಅತ್ತಿಗೆ ಕೊನೇಲಿ ಹತ್ತಿದ್ದು, ಅವರನ್ನ ಕೇಳಿ.”

“ನನ್ನ ಮೇಲೆ ಯಾಕೆ ಹಾಕ್ತೀಯ? ಪಾತ್ರೆ ವಿಷಯ ನಾನು ಯಾವತ್ತಾದ್ರೂ ನೋಡಿದೀನಾ? ಅತ್ತೇನೇ ಅಲ್ವಾ ಎಲ್ಲಾ ನೋಡೋದು.”

“ಅದನ್ನೇ ಹೇಳ್ತಿರೋದು. ಒಂದು ದಿನವಾದ್ರೂ ನೋಡಿದೀರಾ ನೀವು?”

ಹೀಗೆ ಟಬ್ಬಿನ ಮೇಲೆ ಜಗಳ ಚೆನ್ನಾಗಿಯೇ ಕಾವೇರಿತು. ಇವರ ದನಿಗೆ ಪರದೆಯ ಹಿಂದೆ ಎಚ್ಚರವಾಗಬೇಕಿತ್ತು. ಆಗಲಿಲ್ಲ. ಕಡ್ಡಿ ಅಪ್ಪನ ಫೋನು ತೆಗೆದುಕೊಂಡು, “ಅಜ್ಜಿಗೆ ಫೋನ್ ಮಾಡಿ ಎಬ್ಬಿಸ್ತೀನಿ, ಪರದೆ ತೆಗೆದ ಹಾಗೆ ಆಗಲ್ಲ,” ಎಂದು ತನ್ನ ಜಾಣತನಕ್ಕೆ ತಾನೇ ನಕ್ಕಳು. ಪರದೆಯ ಹಿಂದೆ ಫೋನು ರಿಂಗಾಯಿತು. ರಿಂಗಾಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ.

ಮೊದಲು ಎದ್ದವಳು ನರ್ಸು. ಒಂದೇ ಹೆಜ್ಜೆಗೆ ಹೋಗಿ ಪರದೆ ಎಳೆದಳು. ಮಂಚದ ಮೇಲೆ ಬಿಸಿಲು ಬೀಳದಂತೆ ಪರದೆ ಎಳೆದು ಇಟ್ಟಿದ್ದ ಹಾಲಿನ ಕ್ಯಾನು, ತರಕಾರಿ ಚೀಲ. ದಿಂಬಿನ ಪಕ್ಕ ಫೋನು ಮಿಣುಕುತ್ತಿತ್ತು.

ಕಂಡಕ್ಟರು ಮಂಚದ ಕೆಳಗೂ ಬಗ್ಗಿ ನೋಡಿದರು. ಅಲ್ಲಿ ಒಬ್ಬ ಮನುಷ್ಯ ಹಿಡಿಯುವಷ್ಟು ಜಾಗವೇ ಇರಲಿಲ್ಲ, ಆದರೂ ನೋಡಿದರು.

“ಪಾತ್ರೆ ತೊಳೆಯೋಕೆ ಹೋಗಿದ್ರು,” ಎಂದಳು ಟೀಚರು. “ಕೋಟೆ ಗೋಡೆ ಆ ಕಡೆ ನಲ್ಲಿ ಇತ್ತು.”

ಮಗ ಗಾಡಿ ತಿರುಗಿಸಿದ. ವಾಪಸು ದಾರಿಯುದ್ದಕ್ಕೂ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಟೀಚರು ಕಣ್ಣೊರೆಸಿಕೊಳ್ಳುತ್ತಿದ್ದಳು, ನರ್ಸು ಉಗುರು ಕಡಿಯುತ್ತಿದ್ದಳು. ಕಡ್ಡಿ ಮಾತ್ರ, “ಅಜ್ಜಿ ಹತ್ರ ಚಪ್ಪಲಿ ಇದೆಯಾ?” ಎಂದಳು. ಅವರ ಚಪ್ಪಲಿ ಗಾಡಿಯ ಬಾಗಿಲಲ್ಲೇ ಬಿದ್ದಿತ್ತು. ಕಂಡಕ್ಟರು ಅದನ್ನೇ ನೋಡುತ್ತಾ ಕೂತರು. ನಲ್ಲಿಯ ಹತ್ತಿರದ ಕೆಸರಿಗೆ ಬರಿಗಾಲಲ್ಲಿ ಇಳಿದಿದ್ದಾಳೆ, ಆ ಬಿಸಿಲಲ್ಲಿ, ಆ ಕಾದ ಕಲ್ಲಿನ ಮೇಲೆ.

ಗಾಡಿ ಕೋಟೆ ಮುಂದೆ ನಿಲ್ಲುವ ಮೊದಲೇ ಅವರು ಕೆಳಗೆ ಹಾರಿದರು. ಬಯಲಿನಲ್ಲಿ ಯಾರೂ ಇಲ್ಲ. ನಲ್ಲಿಯ ಹತ್ತಿರವೂ ಇಲ್ಲ. ಟಿಕೆಟ್ ಕಿಟಕಿ ತೆರೆದಿತ್ತು. ಎತ್ತರಕ್ಕೆ ಕಟ್ಟಿದ ಸಣ್ಣ ಕಿಟಕಿ, ಒಳಗೆ ಕೂತವರ ಕೈ ಮಾತ್ರ ಕಾಣಿಸುವಂಥದ್ದು. ಕಂಡಕ್ಟರು ಏದುಸಿರು ಬಿಡುತ್ತಾ ಅಲ್ಲಿಗೆ ಓಡಿದರು.

“ಅಮ್ಮ, ಇಲ್ಲಿ ಒಬ್ಬರು ಹೆಂಗಸು... ಮಧ್ಯಾಹ್ನ... ವಯಸ್ಸಾದವರು. ಪಾತ್ರೆ ಟಬ್ಬು ಇತ್ತು ಕೈಯಲ್ಲಿ.”

“ಯಾವ ಬಣ್ಣದ ಬಟ್ಟೆ ಹಾಕಿದ್ರು?” ಎಂದಿತು ಒಳಗಿನ ದನಿ.

ಕಂಡಕ್ಟರು ಯೋಚಿಸಿದರು. ಬೆಳಿಗ್ಗೆಯಿಂದ ಎದುರಿಗೇ ಓಡಾಡಿಕೊಂಡಿದ್ದ ಹೆಂಡತಿಯ ಬಟ್ಟೆ ಕೆಂಪೋ ಹಸಿರೋ ಅವರಿಗೆ ಏನು ಮಾಡಿದರೂ ಹೊಳೆಯಲಿಲ್ಲ. “ಕೂದಲು ಬೆಳ್ಳಗಿದೆ,” ಎಂದರು. “ನೋಡೋಕೆ... ಎಲ್ಲರ ಹಾಗೇ ಇರ್ತಾಳೆ.”

ಕಿಟಕಿಗೆ ಒಂದು ಮುಖ ಬಗ್ಗಿತು. ಹೆಂಡತಿ. ಹಳದಿ ಬಟ್ಟೆ ಉಟ್ಟಿದ್ದರು.

ಕಂಡಕ್ಟರು ಕಿಟಕಿಯ ಕಂಬಿ ಹಿಡಿದುಕೊಂಡರು. ಅಷ್ಟರಲ್ಲಿ ಮಕ್ಕಳೆಲ್ಲ ಓಡಿಬಂದು ಬಾಗಿಲಿಂದ ಒಳಗೆ ನುಗ್ಗಿ ಅಮ್ಮನನ್ನು ತಬ್ಬಿಕೊಂಡರು. ಪಕ್ಕದ ಬೆಂಚಿನ ಮೇಲೆ ಟಿಕೆಟ್ ಕೊಡುವ ಹೆಂಗಸು ಕಾಲು ಚಾಚಿ ಕೂತು ಬ್ರೆಡ್ಡು ತಿನ್ನುತ್ತಿದ್ದಳು. ಮಂಡಿಗೆ ಪಟ್ಟಿ ಸುತ್ತಿತ್ತು.

“ಮಧ್ಯಾಹ್ನದಿಂದ ನಿಮ್ಮ ಅಮ್ಮಾನೇ ಕೂತಿದಾರೆ ಕಿಟಕೀಲಿ,” ಎಂದಳು ಆಕೆ. “ನಂಗೆ ಒಂದು ಗಳಿಗೆ ಕಾಲು ಚಾಚೋಕೆ ಸಿಕ್ತು. ಯಾರಿಗಾದ್ರೂ ಫೋನ್ ಮಾಡಿ ಅಂದೆ. ನಂಬರೆಲ್ಲಾ ಆ ಫೋನಲ್ಲೇ ಇದೆ, ಬರ್ತಾರೆ ಬಿಡಿ, ಹಸಿವಾದಾಗ ಗೊತ್ತಾಗತ್ತೆ ಅಂದ್ರು.”

ಅದನ್ನು ಕೇಳಿ ಟೀಚರು ತಲೆ ತಗ್ಗಿಸಿದಳು. ಹೊರಗೆ ಬಂದ ಹೆಂಡತಿಯ ಕಾಲಲ್ಲಿ ಯಾರದೋ ಹಳೇ ಚಪ್ಪಲಿ ಇತ್ತು. ಗೋಡೆಗೆ ಒರಗಿಸಿದ್ದ ಟಬ್ಬಿನಲ್ಲಿ ಪಾತ್ರೆಗಳು ಒಣಗಿ ಕೂತಿದ್ದವು.

ಈಗ ಕಂಡಕ್ಟರು ಸುಮ್ಮನಿರಬೇಕಿತ್ತು. ಅಷ್ಟು ಬುದ್ಧಿ ಇದ್ದಿದ್ದರೆ ಈ ಕತೆ ಇಲ್ಲಿಗೇ ಮುಗಿದುಹೋಗುತ್ತಿತ್ತು. ಅವರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಕೊರೆಯುತ್ತಿದ್ದದ್ದು ಆ ಎಣಿಕೆ.

“ನಾನು ಎಣಿಸ್ದೆ ಕಣೇ,” ಎಂದರು. “ಎಣಿಸದೇ ಬಿಡ್ತೀನಾ? ಎಣಿಕೆ ಸರಿಯಿತ್ತು.”

“ಎಷ್ಟಿತ್ತು?” ಎಂದರು ಹೆಂಡತಿ.

“ಮೂರು.”

ಕಡ್ಡಿ ಬೆರಳು ಮಡಚಿ ಎಣಿಸತೊಡಗಿದಳು. ಟೀಚರು ಅವಳ ಕೈ ಹಿಡಿದು ನಿಲ್ಲಿಸಿದಳು.

“ಮನೆಯಿಂದ ಹೊರಟ ದಿನ?”

“ಮೂರೇ. ದಿನಾ ಮೂರೇ ಅಲ್ವಾ. ಡ್ರೈವರನ್ನ, ಕಂಡಕ್ಟರನ್ನ ಎಣಿಸೋ ಪದ್ಧತಿ ಇಲ್ಲ. ಪ್ಯಾಸೆಂಜರ್ಸ್ ಮಾತ್ರ. ಸೊಸೆ, ಮಗಳು, ಕಡ್ಡಿ.”

“ಮತ್ತೆ ನಾನು?”

“ನೀನು...” ಕಂಡಕ್ಟರು ಉತ್ತರಕ್ಕಾಗಿ ಹುಡುಕಲೇ ಇಲ್ಲ, ಅದು ನಾಲಿಗೆಯ ಮೇಲೇ ಇತ್ತು. “ನೀನು ಸ್ಟಾಫು.”

ಹೇಳಿದ ಮೇಲೆ ಅವರಿಗೇ ಕೇಳಿಸಿತು. ದಿನಾ ಬೆಳಿಗ್ಗೆ ಆ ಎಣಿಕೆ ಎಲ್ಲರ ಕಿವಿಗೂ ಬಿದ್ದಿತ್ತು. ಚರಿತ್ರೆಯ ಟೀಚರಿಗೆ ಬಿದ್ದಿತ್ತು, ವಾರ್ಡಿನಲ್ಲಿ ರೋಗಿಗಳನ್ನು ಲೆಕ್ಕ ಹಾಕಿ ಒಪ್ಪಿಸುವ ನರ್ಸಿಗೂ ಬಿದ್ದಿತ್ತು. ಒಬ್ಬರಿಗಾದರೂ ಒಬ್ಬರು ಕಮ್ಮಿ ಅನಿಸಿರಲಿಲ್ಲ.

ಹೆಂಡತಿ ಅಳಲಿಲ್ಲ, ಕೂಗಲಿಲ್ಲ. ಗಾಡಿಯ ಹತ್ತಿರ ನಡೆದು ಮುಂದಿನ ಬಾಗಿಲು ತೆಗೆದು ಡ್ರೈವರ ಪಕ್ಕದ ಸೀಟಿನಲ್ಲಿ ಕೂತರು.

“ಸ್ಟಾಫಿಗೆ ರಜೆ ಇರತ್ತಲ್ಲ,” ಎಂದರು. “ನಾನು ಇವತ್ತಿಂದ ರಜೆ ಮೇಲಿದೀನಿ.”

ಒಂದು ದಿನದ ಕೋಪ ಎಂದುಕೊಂಡರು ಎಲ್ಲರೂ. ಒಂದು ದಿನ ಆಯಿತು, ಎರಡಾಯಿತು, ವಾರವಾಯಿತು. ಹೆಂಡತಿ ಒಲೆಯ ಕಡೆ ತಿರುಗಿಯೂ ನೋಡಲಿಲ್ಲ. ಮಗ ಆಲೂಗಡ್ಡೆ ಬೇಯಿಸಿದ, ಒಳಗೆ ಹಸಿ, ಹೊರಗೆ ಕರಕಲು. ನರ್ಸು ಮೊಟ್ಟೆ ಸೀಯಿಸಿದಳು. ಟೀಚರು ಉಪ್ಪು ಎರಡು ಸಲ ಹಾಕಿದಳು. ತಟ್ಟೆ ತೊಳೆಯುವ ಸರದಿಗೆ ದಿನಾ ರಂಪ. ಕಂಡಕ್ಟರ ಪಾಲಿಗೆ ಬಂದ ದಿನ ಅವರು ಸೋಪು ಸರಿಯಾಗಿ ಹೋಗಿಸದೆ ಎಲ್ಲರಿಗೂ ಹೊಟ್ಟೆ ಕೆಟ್ಟಿತು. ಹೆಂಡತಿ ಕೊಟ್ಟಿದ್ದನ್ನು ಕೊಟ್ಟ ಹಾಗೆ ತಿಂದರು. ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನಲಿಲ್ಲ.

ಆದರೆ ಊರು ಬಂದರೆ ಮೊದಲು ಇಳಿಯುತ್ತಿದ್ದವರು ಅವರೇ. ಸೊಸೆಯನ್ನು ಪಕ್ಕಕ್ಕೆ ಕರೆದು ಒಂದೊಂದು ಬೋರ್ಡನ್ನೂ ಪೂರ್ತಿ ಓದಿಸಿದರು. “ಈ ರಾಣಿ ಕೊನೆಗೆ ಏನಾದಳು? ಬರೆದಿಲ್ವಾ? ಯಾಕೆ ಬರೆದಿಲ್ಲ?” ಟೀಚರಿಗೆ ಶಾಲೆಯಲ್ಲಿ ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಅತ್ತೆ ಸೊಸೆ ಇಬ್ಬರೂ ಬಿಸಿಲು ಇಳಿಯುವವರೆಗೆ ಗೋಡೆ ಗೋಡೆ ಮುಟ್ಟಿ ನೋಡಿಕೊಂಡು ಬರುತ್ತಿದ್ದರು. ತಲೆನೋವಿನ ಸುದ್ದಿಯೇ ಇರಲಿಲ್ಲ.

ಕಂಡಕ್ಟರು ಗಾಡಿ ಹೊರಡುವಾಗೆಲ್ಲ ಈಗ ಮುಂದಿನ ಸೀಟಿನ ತನಕ ಹೋಗಿ, ಬೇಕಂತಲೇ ಗಟ್ಟಿಯಾಗಿ “ನಾಲ್ಕು” ಅನ್ನುತ್ತಿದ್ದರು. ಹೆಂಡತಿ ಕಿಟಕಿಯ ಹೊರಗೆ ನೋಡುತ್ತಿದ್ದರು. ಕಂಡಕ್ಟರಿಗೆ ಅನ್ನ ಇಳಿಯದಾಯಿತು. ಇವಳು ಮನೆಗೆ ಬಂದ ಮೇಲೂ ಹೀಗೇ ಇದ್ದರೆ ಏನು ಗತಿ ಎಂಬ ಭಯ ಶುರುವಾಯಿತು. ಮಗನ ಹತ್ತಿರ ಒಂದು ಸಲ ಬಾಯಿಬಿಟ್ಟು ಕೇಳಿಯೂಬಿಟ್ಟರು.

“ಮನೆ ತಲುಪಿದ್ರೆ ಎಲ್ಲಾ ಮೊದಲಿನ ಹಾಗೆ ಆಗತ್ತೆ ಅಲ್ವೇನೋ?”

“ನಂಗೇನು ಗೊತ್ತು ಅಪ್ಪ. ಅಮ್ಮನ್ನೇ ಕೇಳಿ.”

ಕೇಳುವ ಧೈರ್ಯ ಅವರಿಗಿರಲಿಲ್ಲ. ಹೆಂಡತಿ ಆಗಾಗ ಫೋನಿನಲ್ಲಿ ಆ ಟಿಕೆಟ್ ಕಿಟಕಿಯ ಹೆಂಗಸಿನ ಜೊತೆ ಮಾತಾಡುತ್ತಿದ್ದರು. ಮಂಡಿ ಹೇಗಿದೆ, ಡಾಕ್ಟರು ಏನಂದರು. ಹೊಸ ಗೆಳತಿ ಸಿಕ್ಕಿದ್ದಾಳೆ, ಒಳ್ಳೆಯದೇ ಆಯಿತು ಅಂದುಕೊಂಡರು ಕಂಡಕ್ಟರು.

ಕೊನೆಯ ವಾರದಲ್ಲಿ ಒಂದು ಮಧ್ಯಾಹ್ನ ಹೆಂಡತಿ ತಾವಾಗಿಯೇ ಬಂದು ಪಕ್ಕದಲ್ಲಿ ಕೂತರು.

“ರೀ, ಈ ಟಿಕೆಟ್ ಪುಸ್ತಕ ಇರತ್ತಲ್ಲ, ಅಡ್ಡ ಹರಿಯದ ಹಾಗೆ ಹೇಗೆ ಹರೀತಿದ್ರಿ? ನಂಗೆ ಅವತ್ತು ಎಲ್ಲಾ ಹರಿದುಹೋಗ್ತಿತ್ತು.”

ಕಂಡಕ್ಟರ ಮುಖ ಎಷ್ಟೋ ದಿನದ ಮೇಲೆ ಅರಳಿತು. ಕಡ್ಡಿಯ ಹಳೇ ಪುಸ್ತಕದ ಹಾಳೆಗಳನ್ನು ಪಟ್ಟಿ ಪಟ್ಟಿ ಮಾಡಿ, ಹೆಬ್ಬೆರಳು ಎಲ್ಲಿ ಒತ್ತಬೇಕು, ಮಣಿಕಟ್ಟು ಹೇಗೆ ತಿರುಗಿಸಬೇಕು ತೋರಿಸಿದರು. ಚಿಲ್ಲರೆ ಇಲ್ಲ ಎಂದು ಸುಳ್ಳು ಹೇಳುವವರನ್ನು ಹೇಗೆ ಗುರುತಿಸುವುದು, ಒಂದೇ ಸಲ ಹತ್ತು ಕೈ ಚಾಚಿದರೆ ಯಾವ ಕೈ ಮೊದಲು ನೋಡಬೇಕು, ಎಲ್ಲ ಹೇಳಿಕೊಟ್ಟರು. ಹೆಂಡತಿ ಮತ್ತೆ ಮತ್ತೆ ಹರಿದು ಕಲಿತರು. ಇಬ್ಬರೂ ಒಂದೆರಡು ಸಲ ನಕ್ಕರು ಕೂಡ. ಅವತ್ತು ಕಂಡಕ್ಟರು ಸೀದ ಮೊಟ್ಟೆಯನ್ನೂ ಎರಡು ಸಲ ಹಾಕಿಸಿಕೊಂಡು ತಿಂದರು.

ಮನೆ ತಲುಪಿದ್ದು ಒಂದು ಬೆಳಿಗ್ಗೆ. ಬೀಗ ತೆಗೆದದ್ದೇ ಹೆಂಡತಿ ಸೀದಾ ಅಡುಗೆಮನೆಗೆ ಹೋದರು. ಕಂಡಕ್ಟರು ಕುರ್ಚಿಯಲ್ಲಿ ಕುಸಿದು ಕಣ್ಣು ಮುಚ್ಚಿಕೊಂಡರು. ಒಳಗಿಂದ ಪಾತ್ರೆಗಳ ಸದ್ದು ಬಂತು. ಡಬ್ಬದ ಮುಚ್ಚಳ ತೆಗೆದ ಸದ್ದು, ಹಾಕಿದ ಸದ್ದು. ಅವರಿಗೆ ಹೋದ ಜೀವ ಬಂದಂತಾಯಿತು. ಮಗನ ಕಡೆ ನೋಡಿ, ನಾನು ಹೇಳಲಿಲ್ಲವಾ ಎಂಬಂತೆ ಹುಬ್ಬು ಹಾರಿಸಿದರು.

“ಇವಳೇ, ಹಾಗೇ ಒಂಚೂರು ಚಹಾ ಇಟ್ಬಿಡು,” ಎಂದು ಕೂಗಿದರು.

ಹೆಂಡತಿ ಹೊರಗೆ ಬಂದರು. ಕೈಯಲ್ಲಿ ಒಂದು ಚೀಲ. ಒಂದು ತಟ್ಟೆ, ಒಂದು ಲೋಟ, ಒಂದು ಸಣ್ಣ ಪಾತ್ರೆ, ಮೇಲೆ ಎರಡು ಜೊತೆ ಬಟ್ಟೆ.

“ಇದೇನಮ್ಮ?” ಎಂದಳು ನರ್ಸು.

“ಆಯಮ್ಮಂಗೆ ನಾಳೆ ಮಂಡಿ ಆಪರೇಷನ್. ಎದ್ದು ಓಡಾಡೋ ತನಕ ಕಿಟಕೀಲಿ ಕೂರೋಕೆ ಯಾರಾದ್ರೂ ಬೇಕು. ಅವರ ಆಫೀಸಿನವರು ನನ್ನನ್ನ ಒಪ್ಕೊಂಡಿದಾರೆ. ಇರೋಕೆ ಅವಳ ಮನೆ ಇದೆ.”

ಮಗ ಸಾಮಾನಿನ ಗಂಟು ಹಿಡಿದವನು ಹಿಡಿದಲ್ಲೇ ನಿಂತ.

“ಅಮ್ಮ, ಮನೆ?” ಎಂದ.

“ಮನೇಲಿ ಐದು ಜನ ಇದೀರಲ್ಲಪ್ಪ.”

ಕಂಡಕ್ಟರು ಎದ್ದು ನಿಂತರು. “ನನಗೆ ಒಂದು ಮಾತು ಹೇಳ್ದೆ...”

“ಕೂತ್ಕೊಂಡು ಕಲಿಸಿದ್ರಲ್ಲ. ಯಾಕೆ ಅಂತ ನೀವು ಕೇಳ್ಲಿಲ್ಲ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕಂಡಕ್ಟರಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

“ನಾನು ಬಿಟ್ಟು ಬರ್ತೀನಿ ಇರಿ, ಗಾಡಿ ಇನ್ನೂ ಇದೆ,” ಎಂದು ಮಗ ಗಂಟು ಕೆಳಗಿಟ್ಟ.

“ಬೇಡ. ಬಸ್ಸಿದೆ.” ಅವರು ಕಡ್ಡಿಯ ತಲೆ ಸವರಿದರು. ಟೀಚರು ಮುಂದೆ ಬಂದು ತನ್ನ ನೀರಿನ ಬಾಟಲಿಯನ್ನು ಅತ್ತೆಯ ಚೀಲದಲ್ಲಿಟ್ಟಳು.

ಹೆಂಡತಿ ಹೊಸ್ತಿಲು ದಾಟುವಾಗ ಕಂಡಕ್ಟರು ಹೇಗೋ ಬಾಗಿಲ ತನಕ ಬಂದಿದ್ದರು.

“ಮತ್ತೆ ಯಾವಾಗ ಬರ್ತೀಯ?”

“ರಜೆ ಸಿಕ್ಕಾಗ,” ಎಂದರು ಹೆಂಡತಿ, ಚಪ್ಪಲಿ ಮೆಟ್ಟಿಕೊಳ್ಳುತ್ತಾ.

ಆ ಉತ್ತರದ ಮೇಲೆ ಇನ್ನು ಕೇಳುವುದಕ್ಕೆ ಏನೂ ಇರುವುದಿಲ್ಲವೆಂದು ಕಂಡಕ್ಟರಿಗೆ ಚೆನ್ನಾಗಿ ಗೊತ್ತಿತ್ತು. ಸರ್ವೀಸಿನುದ್ದಕ್ಕೂ ಇದೇ ಬಾಗಿಲಲ್ಲಿ ನಿಂತು ಅವಳಿಗೆ ಅದನ್ನೇ ಹೇಳಿ ಹೋದವರು ಅವರೇ.